ಹತ್ತನೆಯ ಸೀರೆ

ನೀಲಕ್ಕ, ಪೆಟ್ಟಿಗೆಯಲ್ಲಿದ್ದ ನಿನ್ನ ಹತ್ತನೆಯ ಸೀರೆಯನ್ನು ಬದಲಿಸಿದವಳು ನಾನು. ಹದಿನೆಂಟು ವರ್ಷದಿಂದ ಈ ಮಾತು ತುಟಿಯ ತನಕ ಬಂದು ತಿರುಗಿ ಹೋಗಿದೆ. ಓಣಿಯ ಸುದ್ದಿಯೆಲ್ಲ ನನ್ನ ಬಾಯಲ್ಲಿ ಸಲೀಸಾಗಿ ಆಡುತ್ತದೆ, ಅದು ನಿನಗೂ ಗೊತ್ತು. ನನ್ನದೇ ಸುದ್ದಿ ಬಂದಾಗ ಮಾತ್ರ ಈ ನಾಲಿಗೆ—

ಆಗಿನ ಶನಿವಾರಗಳು ನೆನಪಿವೆಯಲ್ಲ? ಗಜೇಂದ್ರಗಡದ ನಮ್ಮ ಓಣಿಯಲ್ಲಿ ಎಲ್ಲರ ಮಗ್ಗ ಸದ್ದು ಮಾಡುತ್ತಿದ್ದರೆ ನಿನ್ನದೂ ನನ್ನದೂ ಸುಮ್ಮನಿರುತ್ತಿದ್ದವು. ಮೆಸ್ಸೀಯನನ್ನು ನಂಬಿ ಶನಿವಾರವನ್ನು ದೇವರ ವಿಶ್ರಾಂತಿಯ ದಿನವೆಂದು ಪಾಲಿಸುವ ಏಳೆಂಟು ಮನೆಯವರು, ಗುಂಪಿಗೆ ಹಿರಿಯರಾದ ಮಾಸ್ತರರ ಪಡಸಾಲೆಯಲ್ಲಿ ಕೂಡಿ ಬೈಬಲಿನ ಧರ್ಮಶಾಸ್ತ್ರ ಓದುತ್ತಿದ್ದೆವು. ರಾಜೂರಿನವರು ಜೋಳದ ಗಂಟು ಹೊತ್ತು ಮೊದಲ ಬಸ್ಸಿಗೆ ಇಳಿಯುತ್ತಿದ್ದರು. ನರಗುಂದದ ಅಜ್ಜ ಗೋಧಿ ತರುತ್ತಿದ್ದ, ಓದು ಶುರುವಾದ ಕೂಡಲೇ ಗೋಡೆಗೊರಗಿ ನಿದ್ದೆ ಹೋಗುತ್ತಿದ್ದ. ನಾವಿಬ್ಬರೂ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದೆವು. ಸೆರಗಿಗೆ ಇನ್ನೂ ನೂಲಿಗೆ ಹಚ್ಚಿದ ಗಂಜಿಯ ವಾಸನೆ ಇರುತ್ತಿತ್ತು. ಎಂಥ ಚಲೋ ದಿನಗಳು ನೀಲಕ್ಕ, ಅವನ್ನು ನಾನೇ ಕೆಡಿಸಿದೆ.

ದೇವರಿಗೆ ಸಲ್ಲುವ ಹತ್ತರಲ್ಲೊಂದು ಪಾಲು, ದಶಮಾಂಶವೆಂದರೆ ನಮ್ಮ ಗುಂಪಿನಲ್ಲಿ ಕೈದುಡಿಮೆಯ ವಸ್ತುವೇ ಆಗಬೇಕಿತ್ತು. ಹೊಲದವರು ಹತ್ತನೆಯ ಸೇರು ಕಾಳು ತರುತ್ತಿದ್ದರು, ನೇಯುವವರು ಹತ್ತನೆಯ ಸೀರೆ. ಕುರುಬನ ಕೋಲಿನ ಕೆಳಗೆ ಹತ್ತನೆಯದಾಗಿ ಹಾಯುವ ಕುರಿ ದೇವರದು, ಅದು ಚೆನ್ನಾಗಿದೆಯೋ ಇಲ್ಲವೋ ಎಂದು ನೋಡುವಂತಿಲ್ಲ, ಬದಲಿಸುವಂತಿಲ್ಲ ಎಂದು ಮಾಸ್ತರರು ಪ್ರತಿ ವರ್ಷ ಬಿಡಿಸಿ ಹೇಳುತ್ತಿದ್ದರು. ಹತ್ತನೆಯ ಸೀರೆ ಮಗ್ಗದಿಂದ ಇಳಿದ ದಿನವೇ ಮಡಿಕೆಯಲ್ಲಿ ಹೆಸರಿನ ಚೀಟಿ ಇಟ್ಟು ಅವರ ಮನೆಯ ಪೆಟ್ಟಿಗೆಗೆ ಹಾಕುತ್ತಿದ್ದೆವು. ಅಲ್ಲಿಂದ ಅದು ಇಲ್ಲದವರ ಮನೆಗೆ ಹೋಗುತ್ತಿತ್ತು. ಪೆಟ್ಟಿಗೆ ಕಾಯುವುದು ಯಾಜಕರ ಸೇವೆಯಂತೆ, ವರ್ಷಕ್ಕೊಬ್ಬರಿಗೆ ಪಾಳಿ. ಆ ವರ್ಷ ಕೀಲಿಕೈ ನನ್ನ ಸೊಂಟದಲ್ಲಿತ್ತು, ಮರುವರ್ಷದ ಪಾಳಿ ನಿನ್ನದು. "ರತ್ನಿ, ಕಳದೀ ಮತ್ತ. ಮುಂದಿನ ವರ್ಷ ಅದು ನನಗ ಬರೂದೈತಿ," ಎಂದು ನೀನು ಭೆಟ್ಟಿಯಾದಾಗೆಲ್ಲ ಚಾಷ್ಟಿ ಮಾಡುತ್ತಿದ್ದೆ. ನಿನಗೆ ಆ ಸೇವೆಯ ಮೇಲೆ ಎಷ್ಟು ಆಸೆಯಿತ್ತೆಂದು ನನಗೆ ಗೊತ್ತಿತ್ತು.

ಮಗಳು ಸುನಂದಾಳ ನಿಶ್ಚಯಕ್ಕೆ ರೋಣದ ಬೀಗರು ಬರುವವರಿದ್ದರು. ನನ್ನ ಕೈಯಾರೆ ನೇಯ್ದ ಪಟ್ಟೇದ ಅಂಚಿನ ಸೀರೆಯನ್ನೇ ಉಡಿಸುತ್ತೇನೆ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದೆ. ಅವಸರಕ್ಕೆ, ಮಗ್ಗದ ಉದ್ದಕ್ಕೆ ಬಿಗಿದ ಹಾಸಿನ ಎಳೆಗಳು ಹರಿದವು. ಕೂಡಿಸಿದೆ, ಮತ್ತೆ ಹರಿದವು. ಸೀರೆ ಮುಗಿದಾಗ ನಟ್ಟನಡುವೆ ಗೇಣುದ್ದದ ಗಾಯ ಕಾಣುತ್ತಿತ್ತು.

ಪೆಟ್ಟಿಗೆಯಲ್ಲಿ ನಿನ್ನದಿತ್ತು. ಒಬ್ಬನೇ ಸಾವುಕಾರ ಇಬ್ಬರಿಗೂ ಕೊಟ್ಟ ನೂಲು, ಅದೇ ಚೌಕಳಿ, ಅದೇ ಕೆಂಪು ಅಂಚು, ಒಂದು ಎಳೆಯೂ ತಪ್ಪಿರಲಿಲ್ಲ. ಆ ಗುರುವಾರ ಮಧ್ಯಾಹ್ನ ಕಸ ಹೊಡೆಯುವ ನೆಪದಲ್ಲಿ ಮಾಸ್ತರರ ಮನೆಗೆ ಹೋಗಿ ನಿನ್ನ ಚೀಟಿ ತೆಗೆದು ನನ್ನ ಸೀರೆಯಲ್ಲಿ ಇಟ್ಟೆ, ನಿನ್ನ ಸೀರೆಯನ್ನು ಮನೆಗೆ ಒಯ್ದೆ. ಹದಿನೈದು ದಿನದಲ್ಲಿ ಇನ್ನೊಂದು ನೇಯ್ದು ಇಟ್ಟರಾಯಿತು, ಯಾರಿಗೆ ತಿಳಿಯುತ್ತದೆ ಅಂದುಕೊಂಡೆ.

ಎರಡೇ ದಿನಕ್ಕೆ, ಶನಿವಾರ, ಮಾಸ್ತರರು ಪೆಟ್ಟಿಗೆ ತೆಗೆಸಿದರು. ನಿನ್ನ ಚೀಟಿಯಿದ್ದ ಸೀರೆ ಬಿಚ್ಚಿದಾಗ ಅವರ ಹೆಂಡತಿ, "ಇದಲ್ಲರಿ. ಮಗ್ಗದ ಮ್ಯಾಲಿದ್ದದ್ದು ನಾ ಕಣ್ಣಾರೆ ನೋಡೀನಿ, ಭಾಳ ಚಲೋ ಇತ್ತು," ಎಂದರು. ಚಲೋದನ್ನು ನೀನೇ ಇಟ್ಟುಕೊಂಡೆಯೆಂದು ಎಲ್ಲರೂ ನಿನ್ನ ಕಡೆ ತಿರುಗಿದರು. ನೀನು ಸೀರೆ ಕೈಗೆತ್ತಿಕೊಂಡು ಅಂಚಿನ ಮೇಲೆ ಹೆಬ್ಬೆರಳು ಆಡಿಸಿದೆ. ನಿನ್ನ ಅಂಚು ಬಿಗಿ, ನನ್ನದು ಒಂದಿಷ್ಟು ಸಡಿಲ. ಅದು ನಮ್ಮಿಬ್ಬರಿಗೇ ಗೊತ್ತಿದ್ದ ಮಾತು. ಆಗ ಒಂದೇ ಸಲ ನನ್ನನ್ನು ನೋಡಿದೆ.

"ನನ್ನ ಹೆಸರಿಲೇ ಬಂದೈತಿ. ಇರ್ಲಿ ಬಿಡ್ರಿ," ಎಂದೆ ನೀನು.

ನಾನು ಸೊಂಟದ ಕೀಲಿಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡೆ. ಮಾಸ್ತರರು ಬೈಯಲಿಲ್ಲ. ದೇವರಿಗೆ ಬಂದದ್ದನ್ನು ತಿರುಗಿ ಕೊಡಬಾರದೆಂದು ಆ ಸೀರೆಯನ್ನು ಓದುವ ಮೇಜಿಗೆ ಹಾಸಿದರು. ಮರುವರ್ಷ ಪಾಳಿ ಬಂದಾಗ, "ಕೀಲಿಕೈ ರತ್ನವ್ವನ ಕಡೇನ ಇರ್ಲಿ," ಎಂದಷ್ಟೇ ಹೇಳಿದರು. ಅಂದಿನಿಂದ ಕೀಲಿಕೈ ನನ್ನ ಬಳಿಯೇ ಉಳಿಯಿತು, ಪಾಳಿಗೆ ಯಾರೂ ನಿನ್ನ ಹೆಸರು ಎತ್ತಲಿಲ್ಲ.

ಆ ಸೋಮವಾರ ನಿಶ್ಚಯಕ್ಕೆ ನೀನು ಬರುವುದಿಲ್ಲ ಅಂದುಕೊಂಡಿದ್ದೆ. ಬಂದೆ. ಸುನಂದಾಳ ಮುಂದೆ ಮೊಣಕಾಲೂರಿ ನಿರಿಗೆ ಸರಿಮಾಡಿದೆ, ನಿನ್ನದೇ ಸೀರೆಯ ನಿರಿಗೆ. "ಹುಡುಗಿಗೆ ಒಪ್ಪೈತಿ," ಎಂದೆ. ನಾನು ಅಡುಗೆಮನೆಗೆ ಹೋಗಿ ಅತ್ತೆ. ಮಗಳು ಹೋಗುವ ಸಂಕಟ ಎಂದು ಎಲ್ಲರೂ ಸಮಾಧಾನ ಮಾಡಿದರು, ನಾನೂ ಹೌದೆಂದೆ. ಹದಿನೈದು ದಿನ ಹೋಗಿ ವರ್ಷಗಳಾದವು. ಮಾಸ್ತರರೂ ತೀರಿಹೋದರು. ಅವರ ಮುಂದೆ ಹೇಳುವ ಕಾಲ ಕಳೆದುಹೋಯಿತು.

ಆ ಮೇಜಿನ ಬಟ್ಟೆಯನ್ನು ಶುಕ್ರವಾರಕ್ಕೊಮ್ಮೆ ಒಗೆಯುವವಳು ಇವತ್ತಿಗೂ ನೀನೇ. ಯಾರೂ ಹೇಳದ ಸೇವೆ. ನನ್ನ ತಪ್ಪೆಳೆಗಳ ಮೇಲೆ ಸಾಬೂನು ಹಚ್ಚುವಾಗ ನಿನಗೆ ಏನನ್ನಿಸುತ್ತದೋ, ಕೇಳುವ ಧೈರ್ಯ ನನಗೆ ಬಂದಿಲ್ಲ. ಹತ್ತನೆಯ ಕುರಿಯ ಭಾಗ ಓದುವ ಶನಿವಾರ ಬಂತೆಂದರೆ ನಾನು ಚಹಾ ಕಾಸಲು ಎದ್ದು ಒಳಗೆ ಹೋಗುತ್ತೇನೆ. ಹದಿನೆಂಟು ವರ್ಷ ಹಾಗೇ ಹೋಗಿದ್ದೇನೆ. ಯಾರಾದರೂ ಬದಲಿಸಿದರೆ ಆ ಕುರಿಯೂ ಅದರ ಬದಲಿಗೆ ಇಟ್ಟದ್ದೂ ಎರಡೂ ದೇವರದಾಗುತ್ತವೆ ಎಂಬ ಮಾತು ಅಲ್ಲೇ ಮುಂದೆ ಬರುತ್ತದೆ, ಒಲೆಯ ಮುಂದೆ ನಿಂತವಳಿಗೂ ಕೇಳಿಸುತ್ತದೆ.

ಮೊನ್ನೆ ಸುನಂದಾಳಿಗೆ ಎಲ್ಲ ಹೇಳಿದೆ. ಆಮೇಲೆ ರೋಣದಿಂದ ನಿನ್ನ ಆ ಸೀರೆ ಕಳಿಸಿದಳು. ಈ ಶನಿವಾರ ಮತ್ತೆ ಅದೇ ಭಾಗ. ನಿನ್ನ ಸೀರೆಯನ್ನು ಆ ಮೇಜಿನ ಮೇಲೆ, ನನ್ನದರ ಪಕ್ಕದಲ್ಲಿ, ಎಲ್ಲರೆದುರು ಬಿಚ್ಚಿಡುತ್ತೇನೆ. ಯಾರದು ಯಾವುದೆಂದು ಹೇಳುತ್ತೇನೆ. ಕೀಲಿಕೈ ನಿನ್ನ ಮುಂದೆ ಇಡುತ್ತೇನೆ, ತೆಗೆದುಕೊಳ್ಳುವುದು ಬಿಡುವುದು ನಿನಗೆ ಸೇರಿದ್ದು.

ಈ ಸಲ ಚಹಾ ಬೇರೆ ಯಾರಾದರೂ ಕಾಸಲಿ.