ಅಕ್ಕನ ಸಹಿಯ ಯಜಮಾನ

ನನ್ನ ಸೋದರಮಾವನಿಗೆ ಬದುಕಿನಲ್ಲಿ ಬೇಕಾಗಿದ್ದದ್ದು ಇಷ್ಟೇ: ಒಂದು ಮೇಜು, ಅದರ ಹಿಂದೆ ತಾನು, ಎದುರಿಗೆ ಕೈಕಟ್ಟಿ ನಿಂತ ನಾಲ್ಕು ಜನ. ನಲ್ಲಿ ಸಾಮಾನಿನ ಅಂಗಡಿ ಇಟ್ಟ. ಗಿರಾಕಿಗಳು ಮರ್ಯಾದೆ ಕೊಡುವುದಿಲ್ಲವೆಂದು ಮುಚ್ಚಿದ. ಡ್ರೈವಿಂಗ್ ಶಾಲೆ ತೆರೆದ. ಕಲಿಯಲು ಬಂದವರಿಗಿಂತ ಮೊದಲು ತಾನೇ ಗೋಡೆಗೆ ಗುದ್ದಿದ. ಕಡೆಗೆ ಐವತ್ತು ದಾಟಿದ ಮೇಲೆ ಅವನಿಗೆ ಮೇಜು ಒದಗಿಸಿದ್ದು ಅವನ ಅಕ್ಕನ ಮುರಿದ ಸೊಂಟ.

ಅಕ್ಕ ಎಂದರೆ ನನ್ನ ದೊಡ್ಡಮ್ಮ. ಮದುವೆಯಾಗದೆ, ಯಾರ ಮುಂದೆಯೂ ಕೈಚಾಚದೆ ಕನ್ನಡಕದ ಅಂಗಡಿ ನಡೆಸಿದವಳು. ಕೆಳಗೆ ಅಂಗಡಿ, ಮೇಲೆ ಎರಡು ಕೋಣೆ. ಎತ್ತರದ ಕಪಾಟಿನಿಂದ ಫ್ರೇಮ್ ತೆಗೆಯಲು ಸ್ಟೂಲ್ ಹತ್ತಿ ಬಿದ್ದಳು. ಬ್ಯಾಂಕು, ತೆರಿಗೆಯ ಕೆಲಸಕ್ಕೆ ತನ್ನ ಪರವಾಗಿ ತಮ್ಮ ಸಹಿ ಮಾಡಲಿ ಎಂದು ಪವರ್ ಆಫ್ ಅಟಾರ್ನಿ ಕೊಡಲು ಒಪ್ಪಿದಳು. ಮಾವ ಆಸ್ಪತ್ರೆಗೇ ವಕೀಲರನ್ನು ಕರೆತಂದ. ಯಾವ ಯಾವ ಅಧಿಕಾರ ಬರೆಯಲಿ ಎಂದು ಅವರು ಕೇಳಿದರೆ, ಅಕ್ಕ ಬಾಯಿ ತೆರೆಯುವ ಮೊದಲೇ ಇವನು, "ಎಲ್ಲಾ ಬರೀರಿ ಸಾರ್, ಮತ್ತೆ ಮತ್ತೆ ಯಾಕೆ ತೊಂದ್ರೆ?" ಎಂದ. ಊರಿಗೆಲ್ಲ ಕನ್ನಡಕ ತೊಡಿಸಿದ ಪುಣ್ಯಾತ್ಗಿತ್ತಿ ತನ್ನದನ್ನು ಅಂಗಡಿಯಲ್ಲೇ ಬಿಟ್ಟು ಬಂದಿದ್ದಳು. ಓದದೆ ಸಹಿ ಹಾಕಿದಳು. ನೋಂದಣಿಯೂ ಆಯಿತು.

ಅಂದಿನಿಂದ ಮಾವನ ನಡಿಗೆಯೇ ಬದಲಾಯಿತು. ಅಕ್ಕನ ಕುರ್ಚಿಗೆ ಹೊಸ ದಿಂಬು ಬಂತು. ಲೆನ್ಸ್ ಉಜ್ಜುವವನು 'ಅಣ್ಣ' ಎಂದರೆ ಈ ಮಹಾಶಯನಿಗೆ ಕಿವಿ ಕೇಳಿಸುತ್ತಿರಲಿಲ್ಲ, 'ಸಾರ್' ಎನ್ನಬೇಕು. ಮನೆಗೆ ಮರಳಿದ ದೊಡ್ಡಮ್ಮ ಏನೋ ಅರ್ಜಿಗೆ ಸಹಿ ಮಾಡಹೊರಟರೆ ಪೆನ್ನನ್ನೇ ಕಸಿದುಕೊಂಡ.

"ನೀನಿನ್ನು ಸಹಿ ಮಾಡೋ ಹಾಗಿಲ್ಲ ಅಕ್ಕ. ಪವರ್ ಈಗ ನನ್ ಹತ್ರ ಇದೆ."

ನಮ್ಮ ಬಳಗದ ಬುದ್ಧಿವಂತಿಕೆಯನ್ನು ಏನೆಂದು ಹೊಗಳಲಿ? ಬರೆದುಕೊಟ್ಟ ಮೇಲೆ ಮುಗೀತಲ್ಲ ಎಂದು ಎಲ್ಲರೂ ತಲೆಯಾಡಿಸಿದರು. ದೊಡ್ಡಮ್ಮ ತನ್ನ ಮನೆಯಲ್ಲೇ ಬಾಡಿಗೆಯವಳಂತೆ ಮೆತ್ತಗೆ ಮಾತಾಡತೊಡಗಿದಳು. ಅದನ್ನು ನೋಡಿ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ಬೆಳಗ್ಗೆ ಮಾವ ಡಾಕ್ಟರನ್ನು ಕರೆದುಕೊಂಡು ಮಹಡಿ ಹತ್ತಿದ. ನಾನು ದೊಡ್ಡಮ್ಮನ ಕಾಲು ನೀವುತ್ತಿದ್ದೆ. ಡಾಕ್ಟರು ನಾಡಿ ಹಿಡಿದರು, ಎದೆಗೆ ಸ್ಟೆಥಾಸ್ಕೋಪ್ ಇಟ್ಟರು.

"ನಂಗೇನೂ ಆಗಿಲ್ವಲ್ಲ ಡಾಕ್ಟ್ರೇ?" ಎಂದಳು ದೊಡ್ಡಮ್ಮ.

"ಏನಿಲ್ಲಮ್ಮ, ನೀವು ಬದುಕಿದ್ದೀರಿ ಅಂತ ಒಂದು ಸರ್ಟಿಫಿಕೇಟ್ ಬೇಕಂತೆ. ನೋಂದಣಿ ಆಫೀಸಲ್ಲಿ ಕೇಳಿದ್ದಾರೆ."

ಮಾವ ಕಿಟಕಿಯ ಕಡೆ ತಿರುಗಿದ.

"ನಾನು ಬದುಕಿದ್ರೆ ಅವರಿಗೇನು, ಸತ್ರೆ ಅವರಿಗೇನು?"

"ನೀವು ಹೋದ್ರೆ ಆ ಪವರ್ ಪತ್ರಾನೂ ಅಲ್ಲಿಗೇ ಸತ್ತ ಹಾಗೆ. ಆಮೇಲೆ ಇವರು ಮನೆ ಮಾರೋಕಾಗಲ್ವಲ್ಲ."

ಮನೆ ಮಾರುವ ವಿಷಯ ನಮ್ಮ ಕಿವಿಗೆ ಬಿದ್ದದ್ದು ಆಗಲೇ. ಕೊಳ್ಳುವವನು ಕೆಳಗೆ ಅಂಗಡಿಯಲ್ಲಿ ಗೋಡೆಗಳನ್ನು ತಟ್ಟಿ ನೋಡುತ್ತಿದ್ದ. ದೊಡ್ಡಮ್ಮ ತಮ್ಮನ ಬೆನ್ನು ನೋಡುತ್ತಲೇ ಡಾಕ್ಟರನ್ನು ಕೇಳಿದಳು.

"ಅಂದ್ರೆ ನನ್ನ ಉಸಿರು ಇರೋ ತನಕ ಇವನ ಪವರ್. ಆ ಉಸಿರಿರೋಳೇ ಬೇಡ ಅಂದ್ರೆ?"

"ನೀನು ಕೊಟ್ಟಾಯ್ತಲ್ಲ ಅಕ್ಕ! ನಿನ್ನ ಒಳ್ಳೇದಕ್ಕೇ ಮಾಡ್ತಿರೋದು."

"ನಾನು ಕೊಟ್ಟಿದ್ದು ಸಹಿ ಮಾಡೋ ಕೆಲ್ಸ ಕಣೋ. ಮನೆ ಯಾವಾಗ ಕೊಟ್ಟೆ? ಡಾಕ್ಟ್ರೇ, ಬದುಕಿದ್ದೀನಿ ಅಂತ ದಪ್ಪಕ್ಷರದಲ್ಲಿ ಬರೀರಿ. ಬರೆದು ನನ್ ಕೈಗೇ ಕೊಡಿ."

ಅದೇ ದಿನ ಲೆನ್ಸ್ ಉಜ್ಜುವವನ ಜೊತೆ ಸೇರಿ ಅವಳನ್ನು ಕೆಳಗಿಳಿಸಿ, ಗಾಲಿಕುರ್ಚಿಯಲ್ಲಿ ಆ ವಕೀಲರ ಬಳಿಗೇ ತಳ್ಳಿಕೊಂಡು ಹೋದೆ. "ನಿಮ್ಮ ಕೈ ಜೊತೆ ಇನ್ನೊಂದು ಕೈ ಸೇರಿಸಿಕೊಂಡಿದ್ರಿ, ಅಷ್ಟೇನಮ್ಮ. ನಿಮ್ಮ ಕೈ ಎಲ್ಲಿಗೂ ಹೋಗಿರ್ಲಿಲ್ಲ. ಯಾವಾಗ ಬೇಕಾದ್ರೂ ರದ್ದು ಮಾಡಬಹುದಿತ್ತು," ಎಂದರು. ಈ ಮಾತನ್ನು ಆಸ್ಪತ್ರೆಯಲ್ಲೇ ಹೇಳಲು ಆ ಮಹಾನುಭಾವರ ನಾಲಿಗೆಗೆ ಏನಾಗಿತ್ತೋ! ರದ್ದು ಪತ್ರ ನೋಂದಣಿಯಾಯಿತು. ಬ್ಯಾಂಕಿಗೆ, ಕೊಳ್ಳುವವನಿಗೆ, ಮಾವನಿಗೆ ನೋಟಿಸು ಹೋಯಿತು. ಮಾವ ತನ್ನ ದಿಂಬನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟುಹೋದ.

ಕಳೆದ ತಿಂಗಳು ದೊಡ್ಡಮ್ಮನಿಗೆ ನ್ಯುಮೋನಿಯಾ ಆಯಿತು. ವಿಷಯ ಬಳಗಕ್ಕೆಲ್ಲ ತಿಳಿದಿತ್ತು, ಅವನಿಗೂ ತಿಳಿದಿತ್ತು.

"ಅವನು ಫೋನ್ ಮಾಡಿದ್ನೇನೇ?" ಎಂದು ಅವಳು ಕಣ್ಣು ಮುಚ್ಚಿಕೊಂಡೇ ಕೇಳಿದಳು.

"ಇಲ್ಲ," ಎಂದೆ. "ನೀನು ಬದುಕಿದ್ದೀಯಾ ಅಂತ ಈಗ ಅವನಿಗ್ಯಾಕೆ ಬೇಕು?"