ಲಿಲ್ಲಿ ಬಾಯಿಯ ಬಣ

ನಮ್ಮ ಸಂಘದ ಸಭೆಗೆ ಹೊಸದಾಗಿ ಬಂದವರು ಮೊದಲು ಗಮನಿಸುವುದು ಚಹಾದ ಮೇಜನ್ನು. ಅಲ್ಲಿ ಎರಡು ದೊಡ್ಡ ಫ್ಲಾಸ್ಕುಗಳಿರುತ್ತವೆ, ಒಂದು ಕೆಂಪು, ಇನ್ನೊಂದು ನೀಲಿ. ಎರಡರಲ್ಲೂ ಇರುವುದು ಒಂದೇ ಹೋಟೆಲಿನ ಒಂದೇ ಪಾತ್ರೆಯಲ್ಲಿ ಕುದಿದ, ಏಲಕ್ಕಿ ಕೊಂಚ ಹೆಚ್ಚೇ ಆದ ಚಹಾ. ಆದರೂ, ಗೆಳೆಯರೇ, ಮಂಗಫ್ ಬಣದವರು ಕೆಂಪು ಫ್ಲಾಸ್ಕಿನ ಚಹಾವನ್ನಷ್ಟೇ ಕುಡಿಯುತ್ತಾರೆ, ಗಾರ್ ಬಣದವರು ನೀಲಿಯದನ್ನಷ್ಟೇ. ನಾನು ಯಾವುದು ಕೈಗೆ ಹತ್ತಿರವೋ ಅದರಿಂದ ಬಗ್ಗಿಸಿಕೊಳ್ಳುವವನಾದ್ದರಿಂದ ಎರಡೂ ಕಡೆಯವರಿಗೆ ನನ್ನ ಮೇಲೆ ಅನುಮಾನ.

ಕುವೈತಿನಲ್ಲಿ ನಮಗೆ ಮತವಿಲ್ಲ. ದುಡಿಯಲು ಬಂದವರಿಗೆ ಅದು ಸಹಜವೇ. ಊರಿನಲ್ಲಿರುವ ಮತವನ್ನು ಹಾಕಬೇಕಾದರೆ ರಜೆ ಗಿಟ್ಟಿಸಿ ವಿಮಾನ ಹತ್ತಬೇಕು. ಹೀಗೆ ಮತದಾನದ ರುಚಿಯನ್ನೇ ಮರೆತಿದ್ದ ನಾವು ಒಂದು ಕನ್ನಡ ಸಂಘ ಕಟ್ಟಿ, ಅದಕ್ಕೊಂದು ಚುನಾವಣೆಯನ್ನಿಟ್ಟು, ಬಾಯಾರಿದವರಂತೆ ಮುಗಿಬಿದ್ದೆವು. ಮರುವರ್ಷವೇ ವಿಹಾರಕ್ಕೆ ಎಲ್ಲಿಗೆ ಹೋಗುವುದೆಂಬ ಜಗಳ ಬಂತು. ಮಂಗಫ್ ಬಡಾವಣೆಯಲ್ಲಿದ್ದವರು ಕಡಲದಂಡೆ ಎಂದರು, ಬ್ನೇದ್ ಅಲ್ ಗಾರ್ ಬಡಾವಣೆಯವರು ತೋಟ ಎಂದರು. ವಿಹಾರ ನಡೆಯಲಿಲ್ಲ, ಬಣಗಳು ಮಾತ್ರ ಉಳಿದುಕೊಂಡವು. ಈಗ ಬ್ನೇದ್ ಅಲ್ ಗಾರಿನಲ್ಲೇ ಮನೆ ಮಾಡಿಕೊಂಡಿರುವ ಮಂಗಫ್ ಬಣದವರೂ ಇದ್ದಾರೆ, ಏಕೆಂದು ಕೇಳಿದರೆ ಅವರಿಗೇ ಗೊತ್ತಿಲ್ಲ.

ಹುದ್ದೆಗಳನ್ನು ಬಣಗಳು ಮೊದಲೇ ಹಂಚಿಕೊಳ್ಳುತ್ತವೆ. ತನ್ನ ಪಾಲಿನ ಹುದ್ದೆಗೆ ಯಾರನ್ನು ನಿಲ್ಲಿಸಬೇಕೆಂದು ಆಯಾ ಬಣ ಒಂದು ಒಳಚುನಾವಣೆ ನಡೆಸುತ್ತದೆ. ಅಲ್ಲಿ ಮತ ಹಾಕಬೇಕಾದರೆ ಒಂದು ತಿಂಗಳು ಮುಂಚೆಯೇ ಆ ಬಣಕ್ಕೆ ಹೆಸರು ಬರೆಸಿರಬೇಕು. ಬಣವಿಲ್ಲದ ನನ್ನಂಥವರಿಗೂ ಮತವುಂಟು, ಆದರೆ ಆಮೇಲಿನ ಮಹಾಚುನಾವಣೆಯಲ್ಲಿ, ಪ್ರತಿ ಹುದ್ದೆಗೂ ಒಂದೊಂದೇ ಹೆಸರು ಉಳಿದಿರುವಾಗ. ಅಮೆರಿಕದ ಕೆಲವು ರಾಜ್ಯಗಳಲ್ಲೂ ಪಕ್ಷಕ್ಕೆ ಹೆಸರು ಕೊಡದವರಿಗೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಹಕ್ಕಿಲ್ಲವೆಂದು ನಮ್ಮ ಅಧ್ಯಕ್ಷರು ಹೆಮ್ಮೆಯಿಂದ ಹೇಳುತ್ತಾರೆ. “ನಮ್ಮ ಮನೆಯ ಅಳಿಯನನ್ನು ಪಕ್ಕದ ಮನೆಯವರು ಆರಿಸುವುದುಂಟಾ ಮಾರಾಯ್ರೇ?” ಎಂದು ಅವರು ಕೇಳಿದಾಗ ನಾನೂ ತಲೆದೂಗಿದ್ದೇನೆ. ಮಾತಿನಲ್ಲಿ ನ್ಯಾಯವಿತ್ತು. ಅಲ್ಲದೆ ಯಾವ ಬಣಕ್ಕೂ ಸೇರದಿರುವ ನನ್ನ ನಿರ್ಲಿಪ್ತತೆಯ ಬಗ್ಗೆ ನನಗೊಂದು ಒಳಗೊಳಗಿನ ಜಂಬವೂ ಇತ್ತು.

ಕಷ್ಟದಲ್ಲಿರುವ ಸದಸ್ಯರನ್ನು ನೋಡಿಕೊಳ್ಳುವ ನೆರವು ಕಾರ್ಯದರ್ಶಿಯ ಹುದ್ದೆ ಈ ಸಲವೂ ಗಾರ್ ಬಣದ ಪಾಲಿಗೆ ಬಂದಿತ್ತು. ಅದನ್ನು ಬಹಳ ಕಾಲದಿಂದ ಹೊತ್ತಿದ್ದವರು ಆ ಬಣದ ಲಿಲ್ಲಿ ಬಾಯಿ, ಆಸ್ಪತ್ರೆಯಲ್ಲಿ ನರ್ಸ್, ಉಡುಪಿ ಕಡೆಯ ಕೊಂಕಣಿ ಹೆಂಗಸು. ಪಾಳಿ ಮುಗಿಸಿ ಮನೆಗೆ ಹೋಗುವ ಬದಲು ದಕ್ಷಿಣದ ವಫ್ರಾ ತೋಟಗಳಿಗೆ ಹೋಗಿ, ಅಲ್ಲೇ ಬಿಡಾರ ಹೂಡಿರುವ ಕೂಲಿಗಳ ಕಾಯಿಲೆ ಕಸಾಲೆ ವಿಚಾರಿಸುವವರು. ಆಗ ಅವರ ತಲೆ ತಿನ್ನುತ್ತಿದ್ದ ಚಿಂತೆಯೆಂದರೆ ಮಲ್ಲಪ್ಪ. ಕೊಪ್ಪಳದ ಕಡೆಯವನು, ಹಸಿರುಮನೆಯ ಸೆಕೆಯಲ್ಲಿ ಸೌತೆಬಳ್ಳಿಗೆ ನೀರುಣಿಸುತ್ತಿದ್ದವನು, ಮೂತ್ರಪಿಂಡ ಕೆಟ್ಟು ಆಸ್ಪತ್ರೆಯಲ್ಲಿ ಮಲಗಿದ್ದ. ಹೆಂಡತಿ ಮಗಳ ಮುಖ ನೋಡಿ ಸಾಯುತ್ತೇನೆ, ಊರಿಗೆ ಕಳಿಸಿ ಎಂಬುದೊಂದೇ ಅವನ ಬೇಡಿಕೆ. ಕಳಿಸಬೇಕಾದರೆ ಅವನನ್ನು ಕೆಲಸಕ್ಕಿಟ್ಟುಕೊಂಡಿದ್ದ ಕಫೀಲ್ ಸಹಿ ಹಾಕಬೇಕು. ಆ ಮನುಷ್ಯ ಸಂಘದ ಪದಾಧಿಕಾರಿಗಳ ಹೊರತು ಬೇರೆ ಯಾರೊಡನೆಯೂ ಮಾತಾಡುತ್ತಿರಲಿಲ್ಲ. ಲಿಲ್ಲಿ ಬಾಯಿ ಅಲೆದಲೆದು ಅವನನ್ನು ಅರ್ಧ ಒಪ್ಪಿಸಿದ್ದರು.

ಒಳಚುನಾವಣೆಯ ಶುಕ್ರವಾರ ವಫ್ರಾದಿಂದ ತರಕಾರಿ ಪಿಕಪ್ಪಿನಲ್ಲಿ ಒಂದು ಗುಂಪೇ ಬಂದಿಳಿಯಿತು, ಎಲ್ಲರೂ ಇಸ್ತ್ರಿಯ ಅಂಗಿ ತೊಟ್ಟಿದ್ದರು. ಅವರನ್ನು ಸಂಘದ ಸದಸ್ಯರನ್ನಾಗಿ ಮಾಡಿದ್ದು ಲಿಲ್ಲಿ ಬಾಯಿಯೇ. ಬಣಕ್ಕೆ ಬೇರೆಯಾಗಿ ಹೆಸರು ಬರೆಸಬೇಕೆಂಬುದು ಆಕೆಗೂ ಹೊಳೆದಿರಲಿಲ್ಲ. ಬಾಗಿಲಲ್ಲಿದ್ದವರು ಕೇಳಿದರು, “ನಿಮ್ಮದು ಯಾವ ಬಣ?”

ಮಲ್ಲಪ್ಪನ ಜೊತೆಗಾರ ಯಂಕಪ್ಪ ಮುಂದೆ ಬಂದ. “ನಮ್ದು ಲಿಲ್ಲಿ ಬಾಯಿ ಬಣಾರೀ.”

“ಅಂಥ ಬಣ ಇಲ್ಲ ಮಾರಾಯ. ಹೆಸರು ಬರೆಸಿದವರಿಗೆ ಮಾತ್ರ.”

ಯಾರೂ ಅವರನ್ನು ಗದರಿಸಲಿಲ್ಲ, ಚಹಾವನ್ನೂ ಕೊಟ್ಟರು. ಅವರು ಮೆಟ್ಟಿಲ ಮೇಲೆ ಕುಳಿತರು, ಒಳಗೆ ಹೋಗಲು ನನಗೂ ಹಕ್ಕಿಲ್ಲದ್ದರಿಂದ ನಾನೂ ಅವರ ಪಕ್ಕದಲ್ಲಿ ಕುಳಿತೆ. ಅಷ್ಟರಲ್ಲಿ ಆಸ್ಪತ್ರೆಯಿಂದ ಮಲ್ಲಪ್ಪನ ಫೋನು ಬಂತು. ಯಂಕಪ್ಪ ನನ್ನ ಮುಖವನ್ನೊಮ್ಮೆ ನೋಡಿ, “ಹಾಕಿದ್ವೋ, ಎಲ್ಲಾರೂ ಹಾಕಿದ್ವಿ. ನೀ ಸುಮ್ನ ಮಲ್ಕೋ,” ಎಂದ. ನನ್ನ ಜಂಬ ಇಳಿದದ್ದು ಆಗಲೇ. ಬಣ ಬೇಡವೆನ್ನುವುದು ಸಂಬಳ ಗಟ್ಟಿಯಿರುವವನ ಸುಖ. ಈ ಜನಕ್ಕೆ ಒಂದು ಬಣ ಬೇಕಿತ್ತು, ಅವರು ಅದನ್ನು ಆರಿಸಿಕೊಂಡೂ ಇದ್ದರು, ಅದು ನಮ್ಮ ನಿಯಮದಲ್ಲಿ ಇರಲಿಲ್ಲ ಅಷ್ಟೇ.

ಲಿಲ್ಲಿ ಬಾಯಿ ಕೆಲವೇ ಮತಗಳಿಂದ ಸೋತರು. ಅದೇ ಬಣದಿಂದ ಎದುರು ನಿಂತು ಗೆದ್ದ ಹರೀಶರು ವ್ಯಾಪಾರಸ್ಥರು, ಉತ್ಸಾಹಿ, ಖಂಡಿತ ಕೆಟ್ಟವರಲ್ಲ. ಅಂದೇ ಕಫೀಲನಿಗೆ ಫೋನು ಮಾಡಿ, ಇನ್ನು ಮುಂದೆ ತನ್ನೊಡನೆಯೇ ವ್ಯವಹರಿಸಬೇಕೆಂದು ತಿಳಿಸಿದರು. ಆಮೇಲೆ, ಮಹಾಚುನಾವಣೆ ಮುಗಿಯದೆ ಅಧಿಕಾರ ವಹಿಸಿಕೊಳ್ಳುವುದು ಕ್ರಮವಲ್ಲವೆಂದು ಸುಮ್ಮನಾದರು. ಲಿಲ್ಲಿ ಬಾಯಿ ಮತ್ತೆ ಕಫೀಲನ ಬಾಗಿಲಿಗೆ ಹೋದಾಗ ಅವನು, ನಿಮ್ಮಲ್ಲಿ ಬೇರೆಯವರು ಬಂದಿದ್ದಾರಂತಲ್ಲ, ಅವರೇ ಬರಲಿ, ಖಲಾಸ್ ಎಂದನಂತೆ. ಅದನ್ನು ನನಗೆ ತಿಳಿಸಿ ಲಿಲ್ಲಿ ಬಾಯಿ ಹೇಳಿದರು, “ನನ್ನನ್ನು ಸೋಲಿಸಿದ್ದಕ್ಕೆ ಬೇಜಾರಿಲ್ಲ ಮಾರಾಯ್ರೇ. ಅವನನ್ನು ಕಳಿಸಿ ಆದ ಮೇಲೆ ಸೋಲಿಸ್ಬಹುದಿತ್ತಲ್ಲ?”

ಮಹಾಚುನಾವಣೆಗೆ ಎರಡು ದಿನ ಮುಂಚೆ ಮಲ್ಲಪ್ಪ ತೀರಿಕೊಂಡ. ಜೀವವಿದ್ದಾಗ ದಕ್ಕದ ಸಹಿ ಶವಕ್ಕೆ ಒಂದೇ ಬೆಳಗಿನಲ್ಲಿ ದಕ್ಕಿತು. ಹರೀಶರು ಓಡಾಡಿ ಪೆಟ್ಟಿಗೆಯನ್ನು ವಿಮಾನಕ್ಕೇರಿಸಿದರು. ಎರಡೂ ಬಣದವರು ಒಟ್ಟಾಗಿ ನಿಂತು ಮೌನ ಆಚರಿಸಿದರು. ಆಮೇಲೆ ಮಹಾಚುನಾವಣೆ ನಡೆಯಿತು. ನನ್ನನ್ನು ಗೌರವದಿಂದ ಒಳಕ್ಕೆ ಕರೆದು ಮತಪತ್ರ ಕೊಟ್ಟರು. ಅದರಲ್ಲಿ ನೆರವು ಕಾರ್ಯದರ್ಶಿಯ ಹುದ್ದೆಗಿದ್ದ ಒಂದೇ ಹೆಸರನ್ನು ನೋಡುತ್ತ ನಿಂತಾಗ ನನಗೆ ಬಂದದ್ದು ದುಃಖವಲ್ಲ, ಸಿಟ್ಟು. ಗುರುತೇನೂ ಹಾಕದೆ ಕಾಗದವನ್ನು ಮಡಚಿ ಹಾಕಿ ಬಂದೆ, ಅದರಿಂದ ಯಾರಿಗೂ ಏನೂ ಆಗಲಿಲ್ಲ.

ಕಳೆದ ಶುಕ್ರವಾರ ಯಂಕಪ್ಪ ಮಂಗಫಿನ ನಮ್ಮ ಮನೆ ಹುಡುಕಿಕೊಂಡು ಬಂದ. ವಫ್ರಾದಿಂದ ಬಸ್ಸುಗಳು ಕಡಿಮೆ, ಯಾರ ಯಾರದೋ ಗಾಡಿ ಹತ್ತಿ ಇಳಿದು ಬಂದಿದ್ದ. ಕುರ್ಚಿಯ ಅಂಚಿನಲ್ಲಿ ಕುಳಿತು, “ಸರ, ನಮ್ಮ ಮಂದಿ ಹೆಸ್ರು ಯಾವುದರೆ ಒಂದು ಬಣದಾಗ ಬರಸ್ರೀ,” ಎಂದ.

“ಯಾವುದಕ್ಕೆ ಯಂಕಪ್ಪ?”

“ಯಾವುದಾದ್ರೂ ನಡಿತೈತ್ರಿ. ಅವ್ರು ಏನಂತಾರ ಅದಕ್ಕ ಹೂಂ ಅಂತೀವಿ.”

ಮುಂದಿನ ಚುನಾವಣೆ ಇನ್ನೂ ದೂರವಿದೆ, ಈಗಲೇ ಅವಸರ ಏಕೆ ಎಂದು ಕೇಳಿದೆ. ಅವನು ತಲೆ ತಗ್ಗಿಸಿ ಅಂಗೈಯನ್ನು ಉಜ್ಜಿಕೊಳ್ಳುತ್ತಿದ್ದ.

“ದವಾಖಾನ್ಯಾಗ ಇನ್ನೊಬ್ಬ ಮಲಗ್ಯಾನ್ರೀ ಸರ.”