ಕಾಫಿ ಬೇಡವೆಂದ ಹಿಲ್ಕಾ

ಹಿಮನಾಡಿನ ನಮ್ಮೂರು ಕೋಯಿವುಲಾದ ಚರ್ಚಿನಲ್ಲಿ ಪ್ರಾರ್ಥನೆ ತಪ್ಪಿದರೂ ನಡೆದೀತು, ಅದು ಮುಗಿದ ಮೇಲಿನ ಕಾಫಿ ತಪ್ಪುವಂತಿಲ್ಲ. ಆ ಕಾಫಿ ಹಿಲ್ಕಾಳದು. ಗಂಡನನ್ನು ಮಣ್ಣು ಮಾಡಿದ ವರ್ಷ ಚರ್ಚಿನ ಅಡುಗೆಮನೆಯ ಕೀಲಿ ಅವಳ ಕೈಗೆ ಬಂತು. ಅಲ್ಲಿಂದ ಅವಳಿಗೆ ವಾರವೆಂದರೆ ಭಾನುವಾರ. ಉಳಿದವೆಲ್ಲ ಅದಕ್ಕಾಗಿ ಬನ್ನಿನ ಹಿಟ್ಟು ನಾದುವ ದಿನಗಳು. ಪಾದ್ರಿಗಳ ಮಾತಿಗೆ ತೂಕಡಿಸುವವರೂ ಅವಳ ಏಲಕ್ಕಿ ಬನ್ನಿನ ಘಮಕ್ಕೆ ಎದ್ದು ಕೂರುತ್ತಿದ್ದರು.

ಕಾಫಿಪುಡಿ ಪುಕ್ಕಟೆ. ಕೊಡುತ್ತಿದ್ದವನು ಪೇಟೆಯ ದೊಡ್ಡ ಅಂಗಡಿಯ ಮ್ಯಾನೇಜರ್ ತೈಸ್ತೋ. ಅವನ ಕಂಪನಿಯದೇ ಪುಡಿ. ವಸಂತದಲ್ಲಿ ಹೊಂಡುರಾಸಿನಿಂದ ಡಿಲ್ಸಿಯಾ ಎಂಬ ಕಾಫಿತೋಟದ ಕೂಲಿ ಹೆಂಗಸು ಬಂದು ಚರ್ಚಿನ ಸಭೆಯಲ್ಲಿ ಮಾತಾಡಿದಳು. ಹಣ್ಣು ಕೊಯ್ಯುತ್ತಿರುವಾಗಲೇ ತಲೆಯ ಮೇಲೆ ಔಷಧಿ ಹೊಡೆಯುತ್ತಾರೆ, ಸಂಘ ಕಟ್ಟಿದರೆ ಗೇಟಿನಾಚೆ ಹಾಕುತ್ತಾರೆ, ಆ ತೋಟದ ಕಾಫಿ ಬರುವುದು ನಿಮ್ಮ ಈ ಕಂಪನಿಗೇ ಎಂದಳು. ಸಭೆ ತಲೆದೂಗಿತು. ತಲೆದೂಗಿ, ಅದೇ ಕಾಫಿ ಕುಡಿಯಿತು! ಡಿಲ್ಸಿಯಾಳ ಕೈಗೂ ಒಂದು ಬಟ್ಟಲು ಕೊಟ್ಟವಳು ಹಿಲ್ಕಾಳೇ. ಕೊಟ್ಟ ಮೇಲೆ ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

ಮುಂದಿನ ಭಾನುವಾರ ಅವಳು ಬೇರೆ ಪುಡಿ ತಂದಳು, ಕೂಲಿಯವರಿಗೆ ನ್ಯಾಯವಾದ ಬೆಲೆ ಕೊಟ್ಟು ತರಿಸಿದ್ದು. ಎಡವಟ್ಟಾದದ್ದು ಅಲ್ಲೇ. ನಮ್ಮ ಕಡೆಯ ಕಾಫಿ ಎಳಸಾಗಿ ಹುರಿದ ತಿಳಿ ಕಾಫಿ; ಇದೋ ಕಪ್ಪಗೆ ಹುರಿದದ್ದು. ಹಿಲ್ಕಾ ಕೈ ಪಳಗಿದ ಹಳೇ ಅಳತೆಯಲ್ಲೇ ಸುರಿದುಬಿಟ್ಟಳು. ಕುಡಿದವರೆಲ್ಲ ಮುಖ ಕಿವುಚಿದರು.

"ನ್ಯಾಯ ಇಷ್ಟೊಂದು ಕಹಿನಾ, ಹಿಲ್ಕಮ್ಮ?" ಎಂದ ತೈಸ್ತೋ.

"ರೂಢಿ ಇಲ್ದೋರಿಗೆ ಹಾಗನ್ಸತ್ತೆ. ಹಾಲು ಹಾಕ್ಕೊ."

ಮರುದಿನ ಪಾದ್ರಿ ರೌನೋ ಅವಳ ಮನೆಗೆ ಬಂದರು. "ಚರ್ಚಿನ ಚಾವಣಿ ರಿಪೇರಿಗೂ ಕಂಪನಿನೇ ಕೊಡ್ತಿದೆ, ಹಿಲ್ಕಮ್ಮ. ಅವ್ರ ಪುಡೀಲೇ ಕಾಫಿ ಮಾಡಿ. ಆಗಲ್ಲ ಅಂದ್ರೆ ಕೀಲಿ ಕೊಟ್ಬಿಡಿ."

"ಆ ಹೆಂಗ್ಸು ಹೇಳ್ವಾಗ ನೀವೂ ಕಣ್ಣೊರೆಸ್ಕೊಂಡ್ರಿ. ನಾನು ನೋಡ್ದೆ."

"ಅದು ಬೇರೆ ಮಾತು."

"ಬೇರೆ ಅಲ್ಲ, ಪಾದ್ರಿಗಳೇ," ಎಂದು ಕೀಲಿಯನ್ನು ಅವರ ಅಂಗೈಗೆ ಹಾಕಿದಳು. ಅವರು ಗೇಟು ದಾಟುವವರೆಗೆ ನೆಟ್ಟಗೆ ನಿಂತಿದ್ದಳು, ಆಮೇಲೆ ಕೂತು ಮನಸಾರೆ ಅತ್ತಳು.

ಗಂಡನ ತಂಗಿ ಲೆಂಪಿ ಬಂದು ಬೈದಳು. "ತಲೆ ಕೆಟ್ಟಿದೆಯಾ ಅತ್ತಿಗೆ? ನಿಂಗೆ ಇದ್ದಿದ್ದೇ ಅದೊಂದು ಅಡುಗೆಮನೆ. ಇನ್ನು ಆ ಕಡೆ ತಲೆ ಹಾಕ್ಬೇಡ."

"ಯಾಕೆ ಹಾಕ್ಬಾರ್ದು? ಚರ್ಚೇನು ತೈಸ್ತೋನ ಅಂಗಡಿನಾ?"

ಭಾನುವಾರ ಹಿಲ್ಕಾ ಎಲ್ಲರ ಜೊತೆ ಮೇಜಿನ ಮುಂದೆ ಕೂತಳು. ಪಕ್ಕದಲ್ಲಿ ಲೆಂಪಿ, ಮುಖ ಊದಿಸಿಕೊಂಡು. ತೈಸ್ತೋನ ಹೆಂಡತಿ ಐರಾ ಕಂಪನಿಯ ಕಾಫಿ ಬಗ್ಗಿಸುತ್ತಾ ಬಂದಳು. ನಮ್ಮ ಸೀಮೆಯಲ್ಲಿ ಬಗ್ಗಿಸಲು ಬಂದವರಿಗೆ ಒಲ್ಲೆ ಎನ್ನುವುದೆಂದರೆ ಕೆನ್ನೆಗೆ ಹೊಡೆದ ಹಾಗೆಯೇ. ಹಿಲ್ಕಾ ಬಟ್ಟಲಿನ ಮೇಲೆ ಅಂಗೈ ಮುಚ್ಚಿದಳು.

"ಬೇಡ."

ಐರಾಳ ಮುಖ ಕೆಂಪೇರಿತು. "ಮತ್ಯಾಕ್ರೀ ಬಂದು ಕೂತಿದೀರಿ?"

"ಬೇಡ ಅನ್ನೋಕೆ. ಮುಂದಿನ ವಾರವೂ ಬರ್ತೀನಿ. ನೀವು ಕೇಳಿ, ನಾನು ಬೇಡ ಅಂತೀನಿ."

ಐರಾ ತಟ್ಟನೆ ಲೆಂಪಿಯ ಕಡೆ ತಿರುಗಿದಳು. ಲೆಂಪಿ ಕಾಫಿಯ ಹಬೆಯನ್ನು ಆಸೆಯಿಂದ ನೋಡಿದಳು, ಅತ್ತಿಗೆಯನ್ನು ಸಿಟ್ಟಿನಿಂದ ನೋಡಿದಳು. ಆಮೇಲೆ ತನ್ನ ಬಟ್ಟಲನ್ನು ಬೋರಲು ಹಾಕಿದಳು.

"ನಂಗೆ ಕಾಫಿ ಬೇಕೇ ಬೇಕು, ಐರಾ," ಎಂದಳು. "ಆದ್ರೆ ಇದು ಬೇಡ."